ಎಲೆಯಿಲ್ಲದ ಎಲೆಸಂಚಿ

ನಮ್ಮ ಅತ್ತೆಯ ಸೊಂಟದಲ್ಲಿ ಯಾವಾಗಲೂ ಒಂದು ಎಲೆಸಂಚಿ ಇರುತ್ತಿತ್ತು. ಕೆಂಪು ಖಣದ ತುಂಡಿನಲ್ಲಿ ಹೊಲಿದದ್ದು, ಅಂಚಿಗೆ ಹಸಿರು ದಾರ, ಬಾಯಿ ಬಿಗಿಯಲು ಹುರಿ. ಒಳಗೆ ಮೂರು ಪದರು: ಎಲೆಗೊಂದು, ಅಡಿಕೆಗೊಂದು, ಸುಣ್ಣ ತಂಬಾಕಿಗೊಂದು. ನನಗೆ ಚೆನ್ನಾಗಿ ನೆನಪಿರುವ ವರ್ಷಗಳಲ್ಲಿ ಮೂರೂ ಖಾಲಿ. ಆದರೂ ಬೆಳಿಗ್ಗೆ ಮಿಂದು ಸೀರೆ ಉಟ್ಟ ಕೂಡಲೇ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. ಮಾತಿನ ನಡುವೆ ಕೈ ತಾನಾಗಿ ಅಲ್ಲಿಗೆ ಹೋಗಿ, ಹುರಿ ಸಡಿಲಿಸಿ, ಒಳಗೆ ಬೆರಳಾಡಿಸಿ, ಮತ್ತೆ ಬಿಗಿದು ಹಿಂದಕ್ಕೆ ಬರುತ್ತಿತ್ತು. ಹಲ್ಲುಗಳ ಸಂದಿಯಲ್ಲಿ ಹಳೆಯ ಕೆಂಪು ಮಾತ್ರ ಕೊನೆಯವರೆಗೂ ಉಳಿದಿತ್ತು.

ಅಪ್ಪನ ಅಕ್ಕ ಆಕೆ. ಶಿಗ್ಗಾಂವಿಯಲ್ಲಿ, ಪುಣೆಯ ಕಡೆಯಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯ ಮಗ್ಗುಲಿಗೆ, ಖಾನಾವಳಿ ನಡೆಸುತ್ತಿದ್ದಳು. ಎತ್ತರದ ಆಳು, ಅಗಲವಾದ ಅಂಗೈ. ಕಾಳಿನ ಪೇಟೆಗೆ ಬಂದ ರೈತರು, ಚಕ್ಕಡಿಯವರು, ಮೋಟಾರಿನವರು ಅವಳ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದರು. ಉಣ್ಣುವವರನ್ನು ಬೈಯುವುದು ಅವಳ ಉಪಚಾರದ ರೀತಿ. ‘ಎರಡು ರೊಟ್ಟಿಗೆ ಕೈ ತೊಳಿಯಾಂವ ಎತ್ತಿನ ಜೋಡಿ ಹೆಂಗ ಹೊಡೀತಿಯೋ? ಕುಂದ್ರು, ಇನ್ನೊಂದು ತಿನ್ನು,’ ಎಂದು ಎದ್ದವನನ್ನು ಮತ್ತೆ ಕೂರಿಸುತ್ತಿದ್ದಳು. ಆದರೆ ಕುಡಿದು ಬಂದವನನ್ನು ಬೈದದ್ದು ನಾನು ಕೇಳಿಲ್ಲ. ಅವನ ಮುಂದೆ ಸುಮ್ಮನೆ ತಟ್ಟೆ ಇಡುತ್ತಿದ್ದಳು.

ಅದಕ್ಕೆ ಕಾರಣವಿತ್ತು. ಅತ್ತೆಯನ್ನು ಕೊಟ್ಟದ್ದು ಆಡೂರಿಗೆ. ಗಂಡನಿಗೆ ಸ್ವಂತ ಚಕ್ಕಡಿ, ಒಳ್ಳೆಯ ಎತ್ತು, ಒಳ್ಳೆಯ ಮನಸ್ಸು. ಸಂಜೆಯಾದರೆ ಸೆರೆ ಅಂಗಡಿಯಲ್ಲಿ ಕುಡಿತ. ಮನೆಯವರೂ ಊರವರೂ ಸೇರಿ ಅವನ ಅಂಗೈಯಲ್ಲಿ ಇಷ್ಟಲಿಂಗ ಹಿಡಿಸಿ, ಇನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡಿಸಿದರು. ಮಾತಿಗೆ ನಿಲ್ಲುವವನು, ಆ ಗಳಿಗೆಯಿಂದ ಮುಟ್ಟಲಿಲ್ಲ. ಮರುದಿನ ಕೈ ನಡುಗಿತು, ಬೆವರು ಹರಿಯಿತು. ಆಮೇಲೆ ಹಾಸಿಗೆಯ ಮೇಲೆ ಇಲ್ಲದ ಇರುವೆಗಳನ್ನು ಕೊಡವತೊಡಗಿದ. ಕೊನೆಗೆ ಮೈ ಸೆಟೆದುಕೊಂಡು ತೀರಿಹೋದ. ಕದ್ದು ಕುಡಿದಿದ್ದಾನೆ, ಆಣೆ ಬಡಿಯಿತು ಎಂದು ಊರು ತೀರ್ಮಾನಿಸಿತು. ಅತ್ತೆ ಅವನ ತಲೆದೆಸೆಯಿಂದ ಎದ್ದಿರಲಿಲ್ಲ.

‘ಅಂವ ಆಣಿ ಮುರಿದಿರಲಿಲ್ಲ,’ ಎನ್ನುತ್ತಿದ್ದಳು, ಯಾರಾದರೂ ಆ ಮಾತು ತೆಗೆದರೆ. ‘ಮುರಿದಿದ್ರ ಉಳೀತಿದ್ದ.’

ಈ ಮಾತಿನ ತೂಕ ನಮ್ಮ ಮನೆಯವರಿಗೆ ತಿಳಿಯಲು ಹಲವು ವರ್ಷ ಬೇಕಾಯಿತು. ತಿಳಿದದ್ದು ಅಪ್ಪನಿಂದ.

ಅಪ್ಪ ಹಂಸಭಾವಿಯ ಹತ್ತಿರದ ಹಳ್ಳಿಯೊಂದರಲ್ಲಿ ಶಾಲಾಮಾಸ್ತರನಾಗಿದ್ದ. ಲೆಕ್ಕ ಕಲಿಸುವುದರಲ್ಲಿ ಅವನಿಗೆ ಹೆಸರು. ಕುಡಿತ ಹೇಗೆ ಹತ್ತಿತೋ ಅವನೂ ಸರಿಯಾಗಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾನು ಕನ್ನಡ ನಾಲ್ಕನೆಯ ಇಯತ್ತೆಗೆ ಬರುವ ಹೊತ್ತಿಗೆ ಬೆಳಿಗ್ಗೆ ಬಾಯಿಗೆ ಸೆರೆ ಬೀಳದೆ ಅವನ ಕೈ ಸೀಮೆಸುಣ್ಣ ಹಿಡಿಯುತ್ತಿರಲಿಲ್ಲ. ಅವ್ವ ಅತ್ತಳು, ಶಾಲೆಯ ಹಿರಿಯರು ಎಚ್ಚರಿಸಿದರು. ಕೊನೆಗೆ ಅಜ್ಜ ಬಂದು ಅವನನ್ನು ಮಠಕ್ಕೆ ಕರೆದುಕೊಂಡು ಹೋದ. ಅಳಿಯನಿಗೆ ಆಡೂರಿನಲ್ಲಿ ಆದದ್ದೇ ಮಗನಿಗೂ ಆಯಿತು: ಅಂಗೈಯಲ್ಲಿ ಲಿಂಗ, ಹಣೆಗೆ ವಿಭೂತಿ, ಆಣೆ. ಅಜ್ಜ ಕ್ರೂರಿಯಲ್ಲ. ಅವನಿಗೆ ಗೊತ್ತಿದ್ದ ಗಟ್ಟಿಯಾದ ಔಷಧ ಅದೊಂದೇ.

ಅಪ್ಪನೂ ಮಾತಿಗೆ ನಿಂತ. ಮರುದಿನ ಅನ್ನದ ತುತ್ತು ಬಾಯಿಗೆ ಮುಟ್ಟುವ ಮೊದಲೇ ಚೆಲ್ಲಿತು. ಅದರ ಮರುದಿನ, ತೊಲೆಯ ಮೇಲಿಂದ ಯಾರೋ ಹುಡುಗರು ತನ್ನನ್ನು ನೋಡಿ ಮಗ್ಗಿ ತಪ್ಪು ತಪ್ಪಾಗಿ ಹೇಳುತ್ತಿದ್ದಾರೆ ಎಂದು ಕೂಗಾಡಿದ. ಅಂಗಳದ ಬಾವಿಯ ಕಡೆಗೆ ಓಡಿದ. ಅಜ್ಜ ತನ್ನ ಧೋತರ ಬಿಚ್ಚಿ ಅವನನ್ನು ಪಡಸಾಲೆಯ ಕಂಬಕ್ಕೆ ಕಟ್ಟಿದ.

ನಮ್ಮ ಹಳ್ಳಿಯಿಂದ ಶಿಗ್ಗಾಂವಿಯ ದಾರಿಯಲ್ಲಿ ಓಡಾಡುತ್ತಿದ್ದ ಸರ್ವಿಸ್ ಮೋಟಾರಿನ ಡ್ರೈವರ್ ಒಬ್ಬರಿದ್ದರು, ಸವಣೂರಿನವರು. ಅತ್ತೆಯ ಖಾನಾವಳಿಯ ಕಾಯಂ ಗಿರಾಕಿ. ಬರುವಾಗಲೆಲ್ಲ ಅವಳಿಗೆ ಸವಣೂರಿನ ಎಲೆಯ ಕಟ್ಟು ತರುತ್ತಿದ್ದರು. ಮಾಸ್ತರನ್ನು ಕಂಬಕ್ಕೆ ಕಟ್ಟಿದ್ದಾರೆ ಎಂಬ ಸುದ್ದಿಯನ್ನೂ ಅವರೇ ಎಲೆಯ ಜೊತೆಗೆ ಶಿಗ್ಗಾಂವಿಗೆ ಮುಟ್ಟಿಸಿದರು. ಅತ್ತೆ ಒಲೆಯ ಮುಂದಿನಿಂದ ಎದ್ದವಳು ಹಿಟ್ಟಿನ ಕೈ ತೊಳೆದುಕೊಂಡು, ಎಲೆಯನ್ನು ಸಂಚಿಗೆ ತುಂಬಿ, ಮುಂದಿನ ಮೋಟಾರು ಹತ್ತಿದಳಂತೆ.

ಬಂದವಳು ಕಾಲು ತೊಳೆಯಲಿಲ್ಲ. ನೆಟ್ಟಗೆ ಕಂಬದ ಹತ್ತಿರ ಹೋಗಿ ಗಂಟು ಬಿಚ್ಚತೊಡಗಿದಳು.

‘ಬಿಚ್ಚಬ್ಯಾಡ,’ ಎಂದ ಅಜ್ಜ. ‘ಬಾವ್ಯಾಗ ಬೀಳತಾನ. ಕದ್ದು ಕುಡದಾನ ಕಾಣತೈತಿ, ಆಣಿ ಬಡದೈತಿ.’

ಅತ್ತೆ ಅಪ್ಪನ ಮುಖ ಹಿಡಿದು ಬಾಯಿಯ ವಾಸನೆ ನೋಡಿದಳು. ‘ಬಾಯಿ ನಾರೂದಿಲ್ಲ ಅಪ್ಪಾ. ಇಂವ ಆಣಿ ಮುರದಿಲ್ಲ. ಅದಕ್ಕ ಸಾಯಾಕತ್ತಾನ.’

ಅಜ್ಜ ತಾನೂ ಗಂಟಿಗೆ ಕೈ ಹಾಕಿದ. ಅಳಿಯನ ನೆನಪು ಅವನಿಗೂ ಬಂದಿರಬೇಕು. ಆ ಮಧ್ಯಾಹ್ನವೇ ಮೋಟಾರಿನಲ್ಲಿ ಅಪ್ಪನನ್ನು ನಡುವೆ ಕೂರಿಸಿಕೊಂಡು ಹಾನಗಲ್ಲಿನ ದವಾಖಾನೆಗೆ ಹೋದೆವು. ಅವ್ವನೂ ಹೊರಟಿದ್ದಳು; ನನ್ನನ್ನು ಬಿಟ್ಟು ಹೋಗಲು ಮನೆಯಲ್ಲಿ ಯಾರೂ ಇರದಿದ್ದರಿಂದ ನಾನೂ ಹೋದೆ.

ಅಲ್ಲಿನ ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. ಅಪ್ಪನ ನಾಡಿ ಹಿಡಿದು, ಕಣ್ಣು ನೋಡಿ, ‘ಯಾವತ್ತ ಬಿಟ್ರು?’ ಎಂದು ಕೇಳಿದರು. ಅತ್ತೆ ಹೇಳಿದಳು. ಅವರು ಅಜ್ಜನ ಕಡೆ ತಿರುಗಿದರು.

‘ಅಜ್ಜಾರ, ದಿನಾ ಕುಡದು ಕುಡದು ಇದು ಅದಕ್ಕ ಒಗ್ಗಿದ ಮೈ. ಒಮ್ಮೆಲೆ ನಿಲ್ಲಿಸಿದ್ರ ಹಿಂಗ ಆಗತೈತಿ, ಜೀವಾನೂ ಹೋಗತೈತಿ. ಔಷಧದ ಜೋಡಿ ಅಳದು ಸ್ವಲ್ಪ ಬ್ರಾಂಡಿ ಕೊಡತೇನಿ. ದಿನಾ ಕಡಿಮಿ ಮಾಡಕೋತ ಬಿಡಸ್ತೇನಿ. ನಿದ್ದಿಗೆ ಬ್ಯಾರೆ ಔಷಧ ಐತಿ.’

‘ಲಿಂಗಾ ಹಿಡದು ಆಣಿ ಮಾಡ್ಯಾನ್ರಿ,’ ಎಂದ ಅಜ್ಜ. ‘ಒಂದು ಹನಿ ಮುಟ್ಟಿದ್ರೂ ಹೋತು.’

‘ಆಣಿ ಬಿಡಸಾಕ ನನಗ ಬರೂದಿಲ್ರಿ. ಅದು ನಿಮ್ಮ ಮನಿ ಮಾತು. ಹೊರಗ ಕುಂತು ಮಾತಾಡ್ರಿ, ಆದರ ಲಗೂನ ಮಾತಾಡ್ರಿ.’

ದವಾಖಾನೆಯ ಕಟ್ಟೆಯ ಮೇಲೆ ಅಜ್ಜ ಕುಳಿತ. ಅತ್ತೆ ನಿಂತೇ ಇದ್ದಳು. ಸೊಂಟದಿಂದ ಸಂಚಿ ತೆಗೆದು, ಹುರಿ ಸಡಿಲಿಸಿ, ಬುಡಮೇಲು ಮಾಡಿ ಕೊಡವಿದಳು. ಸವಣೂರಿನ ಎಳೆಯ ಎಲೆ, ಅಡಿಕೆ, ತಂಬಾಕಿನ ತುಣುಕು ಎಲ್ಲ ನೆಲಕ್ಕೆ ಬಿದ್ದವು. ಅಂಗಳದಲ್ಲಿ ತಿರುಗುತ್ತಿದ್ದ ಯಾರದೋ ಆಡು ಓಡಿ ಬಂದು ಎಲೆಗಳನ್ನು ಒಂದೊಂದಾಗಿ ಮೇಯತೊಡಗಿತು. ಅತ್ತೆ ಕೊರಳಿನ ಲಿಂಗ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡಳು.

‘ಆಣಿ ಮುರಿಯೂದು ಅಂವ ಅಲ್ಲ, ನಾನು. ನನ್ನ ಕೈಲೆ ಕುಡಸ್ತೇನಿ, ಪಾಪ ನನಗ ಬರಲಿ. ಅದರ ಬದಲಿ, ನನ್ನ ತಮ್ಮ ಬದುಕಿರೂತನಕ ನಾ ಎಲಿ ಮುಟ್ಟೂದಿಲ್ಲ.’

ಅಜ್ಜ ಆಡನ್ನೇ ನೋಡುತ್ತ ಕುಳಿತಿದ್ದ. ಹುಡುಗಿಯಾಗಿದ್ದಾಗಿನಿಂದ ಎಲೆ ಹಾಕಿದವಳು, ಗಂಡ ತೀರಿದ ವಾರದಲ್ಲಿಯೂ ಅದನ್ನು ಬಿಡದವಳು. ಅವನು ಕೇಳಿದ್ದು ಒಂದೇ ಮಾತು.

‘ಎಲಿ ಬಿಟ್ಟು ನಿನಗ ಇರಾಕ ಆಗತೈತೇನ?’

‘ಗೊತ್ತಿಲ್ಲ. ಅಂವಗೂ ಗೊತ್ತಿಲ್ಲ. ಇಬ್ಬರೂ ನೋಡೂನು.’

ಒಳಗೆ ಹೋಗಿ ಡಾಕ್ಟರು ಅಳೆದು ಕೊಟ್ಟ ಬ್ರಾಂಡಿಯನ್ನು ತನ್ನ ಕೈಯಿಂದಲೇ ಅಪ್ಪನಿಗೆ ಕುಡಿಸಿದಳು. ಅವನ ಹಲ್ಲು ಬಟ್ಟಲಿಗೆ ಟಕಟಕ ಬಡಿಯುವ ಸದ್ದು ಹೊರಗೆ ಕಟ್ಟೆಯವರೆಗೆ ಕೇಳುತ್ತಿತ್ತು.

ಅಪ್ಪ ಉಳಿದ. ಡಾಕ್ಟರು ಮಾತಿನಂತೆ ಬ್ರಾಂಡಿಯನ್ನು ಇಳಿಸುತ್ತ ಬಂದು ನಿಲ್ಲಿಸಿದರು. ಮನೆಗೆ ಕಳಿಸುವಾಗ, ‘ಬಿಡಸೂದು ನನ್ನ ಕೆಲಸ, ಮುಗೀತು. ಬಿಟ್ಟಿದ್ದನ್ನ ಬಿಟ್ಟಂಗ ಇಡೂದು ದೊಡ್ಡ ಕೆಲಸ. ಅದು ನಿಮ್ಮದು,’ ಎಂದರು. ಅತ್ತೆ ಅದನ್ನು ಗುರುವಾಕ್ಯದಂತೆ ತೆಗೆದುಕೊಂಡಳು. ಅಪ್ಪನಿಗೆ ರಜೆ ಹಾಕಿಸಿ ನಮ್ಮೆಲ್ಲರನ್ನೂ ಶಿಗ್ಗಾಂವಿಗೆ ಕರೆತಂದಳು. ಮುಂದೆ ಅವನು ಹತ್ತಿರದ ಒಂದು ಶಾಲೆಗೇ ವರ್ಗ ಮಾಡಿಸಿಕೊಂಡ.

ಆ ದೊಡ್ಡ ಕೆಲಸವನ್ನು ಅತ್ತೆ ಮಾಡಿದ ರೀತಿ ಹೀಗಿತ್ತು. ದೀಪ ಹಚ್ಚುವ ಹೊತ್ತಿಗೆ ಮೊದಲೇ ಅಪ್ಪನಿಗೆ ಹೊಟ್ಟೆ ತುಂಬ ಉಣ್ಣಲು ಹಾಕುವಳು. ‘ಹಸದ ಹೊಟ್ಟಿ ಸೆರಿ ಅಂಗಡಿ ದಾರಿ ಕೇಳತೈತಿ,’ ಎನ್ನುವಳು. ಶಾಲೆಯಿಂದ ಬರುವ ನೆಟ್ಟನೆಯ ದಾರಿಯಲ್ಲಿ ಸೆರೆ ಅಂಗಡಿ ಇತ್ತು. ಗಾಣದ ಓಣಿಯಿಂದ ಸುತ್ತಿ ಬರಬೇಕೆಂದು ಕಟ್ಟಪ್ಪಣೆ. ಒಮ್ಮೆ ಅಪ್ಪ, ‘ನಾ ಈಗ ಗಟ್ಟಿ ಆಗೇನಿ ಅಕ್ಕಾ, ಅದರ ಮುಂದ ಹಾದು ಬಂದ್ರೂ ಏನಾಗೂದಿಲ್ಲ,’ ಎಂದಾಗ, ‘ಗಟ್ಟಿತನಾ ತೋರಸಾಕ ಅಲ್ಲೇನ್ ಕುಸ್ತಿ ಇಟ್ಟಾರೇನು? ಸುತ್ತ ಹಾಕ್ಕೊಂಡು ಬಾ,’ ಎಂದಳು. ದೀಪ ಹಚ್ಚಿದ ಮೇಲೆ ಅವನು ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯಬೇಕು.

ಗಂಡಸು, ಅದರಲ್ಲಿಯೂ ಮಾಸ್ತರ, ಹಾದಿಬೀದಿಯವರ ಕಣ್ಣಿಗೆ ಬೀಳುವಂತೆ ರೊಟ್ಟಿ ಬಡಿಯುವುದೆಂದರೆ ಆ ಕಾಲಕ್ಕೆ ಸಣ್ಣ ಮಾತಲ್ಲ. ಮೊದಮೊದಲು ಅವನ ಕೈಯ ನಡುಕ ಇನ್ನೂ ಪೂರ್ತಿ ನಿಂತಿರಲಿಲ್ಲ. ಜೋಳದ ಹಿಟ್ಟು ಸುಳ್ಳು ಹೇಳುವುದಿಲ್ಲ. ಕೈ ನಡುಗಿದರೆ ರೊಟ್ಟಿಯ ಅಂಚು ಹರಿಯುತ್ತದೆ, ಹಂಚಿಗೆ ಎತ್ತಿ ಹಾಕುವಾಗ ಮುರಿದು ಬೀಳುತ್ತದೆ. ಅಪ್ಪನ ಮೊದಲ ರೊಟ್ಟಿಗಳನ್ನು ಯಾವ ಗಿರಾಕಿಗೂ ಬಡಿಸಲು ಬರುತ್ತಿರಲಿಲ್ಲ. ಆ ಚೂರುಗಳನ್ನು ಅತ್ತೆ ತನ್ನ ತಟ್ಟೆಗೆ ಹಾಕಿಕೊಂಡು ತಿನ್ನುತ್ತಿದ್ದಳು. ಆಗಲೇ ನಾನು ಕೇಳಿದ್ದು ಅವಳ ಆ ಮಾತು, ಆಮೇಲೆ ಎಷ್ಟೋ ಸಲ ಎಷ್ಟೋ ಮಂದಿಗೆ ಹೇಳಿದ್ದು: ‘ನಡುಗೋ ಕೈಯಾಗ ಲಿಂಗಾ ಕೊಡಬಾರದು. ಹಿಟ್ಟು ಕೊಡಬೇಕು.’

ಬಹಳ ದಿನಗಳ ಮೇಲೆ ಒಂದು ಸಂಜೆ ಬಂದ ಸವಣೂರಿನ ಆ ಡ್ರೈವರ್ ಪಂಕ್ತಿಯಲ್ಲಿ ಕುಳಿತು ನಗಾಡಿದರು. ‘ಮಾಸ್ತರ, ಕೈಗೆ ಬಳಿ ಅಷ್ಟ ಕಡಿಮಿ ಆದವು ನೋಡ್ರಿ.’

ಅಪ್ಪ ತಲೆ ತಗ್ಗಿಸಿದ. ಅತ್ತೆ ಸಾರಿನ ಸೌಟು ಕೆಳಗಿಡಲಿಲ್ಲ.

‘ಬಳಿ ಇಟ್ಟರ ರೊಟ್ಟಿಗೆ ತಾಗತಾವಂತ ಅಂವಗ ತಂದಿಲ್ಲಪಾ. ನಿನಗ ಬೇಕಾದ್ರ ಹೇಳು. ನಾಳಿ ಬಳಿಗಾರ ಬರತಾನ, ಅಳತಿ ಕೊಟ್ಟು ಹೋಗು.’

ಪಂಕ್ತಿಯೆಲ್ಲ ನಕ್ಕಿತು. ಡ್ರೈವರೂ ನಕ್ಕರು. ಅಪ್ಪನೂ ನಕ್ಕ. ಅವನು ನಕ್ಕದ್ದನ್ನು ನೋಡಿ ಬಹಳ ಕಾಲವಾಗಿತ್ತು. ನಕ್ಕು ಮುಗಿದ ಮೇಲೆ ಡ್ರೈವರ್ ಎಂದಿನಂತೆ ಎಲೆಯ ಕಟ್ಟು ಮುಂದೆ ಚಾಚಿದರು. ಆಣೆಯ ಸುದ್ದಿ ಅವರಿಗೆ ಇನ್ನೂ ಗೊತ್ತಿರಲಿಲ್ಲ. ಅತ್ತೆಯ ಕೈ ಅರ್ಧ ಮುಂದೆ ಹೋಗಿ ನಿಂತಿತು. ‘ಇನ್ನ ಮ್ಯಾಲೆ ತರಬ್ಯಾಡಪಾ. ಬಿಟ್ಟೇನಿ,’ ಎಂದು ಎದ್ದು ಹಿತ್ತಿಲಿಗೆ ಹೋದಳು. ಹಿತ್ತಿಲಲ್ಲಿ ಏನೂ ಕೆಲಸವಿರಲಿಲ್ಲ. ತಂಬಾಕು ಬಿಟ್ಟ ತಲೆಶೂಲೆ ಅವಳನ್ನು ತಿಂಗಳುಗಟ್ಟಲೆ ಕಾಡಿತು. ಆ ದಿನಗಳಲ್ಲಿ ಅಕ್ಕ ತಮ್ಮ ಇಬ್ಬರೂ ಸಣ್ಣ ಮಾತಿಗೆ ಸಿಡಿಯುವರು, ಒಬ್ಬರನ್ನೊಬ್ಬರು ನೋಡಿ ಸುಮ್ಮನಾಗುವರು.

ಅಜ್ಜ ಬಂದದ್ದು ಮುಂದಿನ ಸುಗ್ಗಿಯ ಹೊತ್ತಿಗೆ. ಪಂಕ್ತಿಯಲ್ಲಿ ಎಲ್ಲರ ಜೊತೆ ಉಣ್ಣಲು ಕುಳಿತ. ರೊಟ್ಟಿ ಮುರಿದು ನೋಡಿ, ‘ಯಾರು ಬಡದದ್ದು? ನಿನ್ನ ಕೈ ಅಲ್ಲ ಇದು,’ ಎಂದು ಅತ್ತೆಯನ್ನು ಕೇಳಿದ.

‘ನಿಮ್ಮ ಮಗ.’

ಅಜ್ಜ ಒಲೆಯ ಕಡೆ ನೋಡಲಿಲ್ಲ. ತಟ್ಟೆಯನ್ನೇ ನೋಡುತ್ತ ಆ ರೊಟ್ಟಿ ಮುಗಿಸಿದ. ಆಮೇಲೆ ತಟ್ಟೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿ, ‘ಇನ್ನೊಂದು ಹಾಕು,’ ಎಂದ. ಅಷ್ಟೇ. ಅಪ್ಪ ಬಿಸಿ ರೊಟ್ಟಿಯನ್ನು ತಾನೇ ತಂದು ಹಾಕಿದ.

ಇದೆಲ್ಲ ನೇರವಾದ ಏರುದಾರಿ ಎಂದು ಬರೆದರೆ ಅದು ಸುಳ್ಳಾಗುತ್ತದೆ. ಅಪ್ಪ ಒಮ್ಮೆ ಬಿದ್ದ. ಹಿರೇಕೆರೂರಿನಲ್ಲಿ ಹಳೆಯ ಸ್ನೇಹಿತನ ಮನೆಯ ಮದುವೆ. ಅತ್ತೆ ಬೇಡವೆಂದಿದ್ದಳು, ಅವನು ಹೋದ. ಹೇಳಿದ ದಿನ ಬರಲಿಲ್ಲ. ಬಂದದ್ದು ಅದರ ಮರುದಿನ ಸಂಜೆ. ಖಾನಾವಳಿಯ ಎದುರು, ಹೆದ್ದಾರಿಯ ಆ ಬದಿಗೆ ಒಂದು ಬೇವಿನ ಮರವಿತ್ತು. ಅದರ ಬುಡದಲ್ಲಿ ನಿಂತ. ಈ ಕಡೆ ದಾಟಲಿಲ್ಲ. ಆಗ ಅವನ ಮನಸ್ಸಿನಲ್ಲಿ ಏನಿತ್ತೆಂದು ಮುಂದೆ ಒಮ್ಮೆ ನನಗೆ ಹೇಳಿದ್ದ: ಹೇಗೂ ಹೋಯಿತಲ್ಲ, ಇನ್ನೇನು ಉಳಿಯಿತು, ಹಿಂದಿರುಗಿ ಹೋಗಿ ಕುಡಿದೇ ಬಿಡೋಣ ಎಂದು.

ಅತ್ತೆ ಹೊಸ್ತಿಲಿಗೆ ಬಂದು, ಒಳಗಿನ ಗಿರಾಕಿಗಳಿಗೆಲ್ಲ ಕೇಳುವಂತೆ ಕೂಗಿದಳು. ‘ಅಲ್ಲಿ ನಿಂತು ಬೇವಿನ ಗಿಡಾ ಕಾಯಾಕತ್ತೀಯೇನು? ಹಿಟ್ಟು ಒಣಗಾಕತ್ತೈತಿ. ಕೈ ತೊಳಕೊಂಡು ಬಾ.’

ಅವನು ದಾಟಿ ಬಂದ. ಹೊಸ್ತಿಲಲ್ಲಿ ನಿಂತು ಅವಳ ಮುಖ ನೋಡದೆ ಕೇಳಿದ. ‘ಅಕ್ಕಾ, ನೀ ಎಲಿ ಹಾಕ್ಕೊಂಡಿ?’

‘ಯಾಕ ಹಾಕ್ಕೊಳ್ಳಿ?’

‘ನಾ ಬಿದ್ನೆಲ್ಲ.’

‘ನೀ ಬಿದ್ದಿ ಅಂತ ನಾನೂ ಬೀಳಬೇಕೇನು? ಇಬ್ಬರೂ ಬಿದ್ರ ಎತ್ತವರು ಯಾರೋ, ಹುಚ್ಚಪ್ಪಾ? ನಿನ್ನ ಆಣಿ ದವಾಖಾನ್ಯಾಗ ನಾನ ಮುರದೇನಿ, ನೀ ಮುರದಿಲ್ಲ. ಎಡವೀದಿ. ಎಡವಿದಾಂವ ಏಳತಾನ. ಹೋಗು, ಹಿಟ್ಟು ನಾದು.’

ಆ ಸಂಜೆ ರೊಟ್ಟಿಗಳು ಮತ್ತೆ ಹರಿದವು. ಅತ್ತೆ ಮತ್ತೆ ಚೂರುಗಳನ್ನು ತಾನೇ ತಿಂದಳು. ಅಲ್ಲಿಂದ ಮುಂದೆ ಅವನು ಬೀಳಲಿಲ್ಲ.

ಅಪ್ಪನ ಸುದ್ದಿ ಹಬ್ಬಿದ ಮೇಲೆ ಬೇರೆಯವರೂ ತಮ್ಮ ಗಂಡನನ್ನೋ ಮಗನನ್ನೋ ಕರೆದುಕೊಂಡು ಬರತೊಡಗಿದರು. ಅತ್ತೆ ತಾನು ವೈದ್ಯೆಯೆಂದು ಎಂದೂ ಹೇಳಿಕೊಳ್ಳಲಿಲ್ಲ. ಕೈ ನಡುಗುವವನು, ಇಲ್ಲದ್ದು ಕಾಣುವವನು ಬಂದರೆ ಒಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ. ‘ಮೊದಲ ದವಾಖಾನಿಗೆ ಹೋಗ್ರಿ. ಅಲ್ಲಿಂದ ನಡಕೋತ ಬಂದ್ರ ನಾ ಅದೇನಿ,’ ಎನ್ನುವಳು. ಹಾಗೆ ಬಂದವರಿಗೆ ಅವಳ ಪಾಠ ಒಂದೇ: ಉಣ್ಣು, ಸುತ್ತು ಹಾಕಿ ಬಾ, ಸಂಜೆ ಕೈ ಖಾಲಿ ಇಡಬೇಡ. ಪಕ್ಕದಲ್ಲಿ ಕುಳಿತು ರೊಟ್ಟಿ ಕಲಿಸುವವನು ಅಪ್ಪ. ಬಿಟ್ಟು ಉಳಿದವರೂ ಇದ್ದರು, ಮತ್ತೆ ಕುಡಿತಕ್ಕೆ ಹೋದವರೂ ಇದ್ದರು. ಹಾಗೆ ಹೋದವನ ಮಾತು ಬಂದರೆ, ‘ಬರತಾನ ಬಿಡು, ಹಸಿವಿ ಆಗತೈತಿ ಅವಗ,’ ಎಂದು ಅವನ ತಟ್ಟೆಯನ್ನು ತೊಳೆದು ಬೇರೆಯಾಗಿಯೇ ಇಡುತ್ತಿದ್ದಳು.

ನನ್ನನ್ನು ಧಾರವಾಡದ ಕಾಲೇಜಿಗೆ ಕಳಿಸಿದವಳೂ ಅವಳೇ. ಅಜ್ಜನಿಗೆ ಮನಸ್ಸಿರಲಿಲ್ಲ. ‘ಗಂಡಸು ರೊಟ್ಟಿ ಬಡದ್ರ ಏನೂ ಮುಳುಗಲಿಲ್ಲ, ಹೆಣ್ಣು ಕಾಲೇಜಿಗೆ ಹೋದ್ರ ಏನು ಮುಳಗತೈತಿ?’ ಎಂದು ಕೇಳಿದಳಂತೆ. ಮೊದಲ ವರ್ಷ ವಸತಿಗೃಹದಲ್ಲಿ ಯಾರಾದರೂ ತಂದೆಯ ಬಗ್ಗೆ ಕೇಳಿದರೆ ಮಾಸ್ತರರು ಎಂದಷ್ಟೇ ಹೇಳುತ್ತಿದ್ದೆ. ಕೊನೆಯ ವರ್ಷಕ್ಕೆ ಬರುವ ಹೊತ್ತಿಗೆ, ಮಾಸ್ತರರು, ಸಂಜೆ ನಮ್ಮ ಅತ್ತೆಯ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಾರೆ ಎಂದು ಪೂರ್ತಿ ಹೇಳುತ್ತಿದ್ದೆ. ಹೆಚ್ಚು ಮಾತಾಡುವ ಅಭ್ಯಾಸ ನನಗಿಲ್ಲ. ಆದರೆ ಈ ಒಂದು ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಬಾರದೆಂದು ನಿರ್ಧರಿಸಿದ್ದೆ.

ನಾನು ಪದವಿ ಮುಗಿಸಿ ಬಂದ ವರ್ಷ ಅತ್ತೆ ತೀರಿದಳು. ಕೆಲವು ದಿನದ ಜ್ವರ, ಎದೆಯಲ್ಲಿ ಕಫ. ಅಂಗಳದಲ್ಲಿ ಅವಳನ್ನು ಕೂರಿಸಿ, ವಿಭೂತಿ ಹಚ್ಚಿ, ಬಿಲ್ವದ ಮಾಲೆ ಹಾಕಿದ್ದರು. ಸೊಂಟದಲ್ಲಿ ಸಂಚಿ ಇತ್ತು. ಸವಣೂರಿನ ಡ್ರೈವರ್ ಸುದ್ದಿ ಕೇಳಿ ಬಂದರು. ಅವರಿಗೂ ಈಗ ತಲೆ ನರೆತಿತ್ತು. ಕೈಯಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಲೆಯ ಕಟ್ಟು. ಅಪ್ಪನ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದರು.

‘ಮಾಸ್ತರ, ಇಷ್ಟು ವರ್ಷ ಆಸಿ ಪಟ್ಟು ಹೋದ್ರು. ಈಗರ ಸಂಚ್ಯಾಗ ಒಂದು ಎಲಿ ಇಡೂನ್ರಿ.’

ಅಪ್ಪ ಅವರ ಕೈ ಹಿಡಿದುಕೊಂಡ. ‘ಬ್ಯಾಡ್ರಿ. ನಾ ಇನ್ನೂ ಬದುಕೇನಿ.’

ಡ್ರೈವರಿಗೆ ಅರ್ಥವಾಯಿತು. ಎಲೆಯ ಕಟ್ಟನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡರು. ಖಾಲಿ ಸಂಚಿಯೇ ಅತ್ತೆಯ ಜೊತೆ ಹೋಯಿತು.

ಮಣ್ಣು ಮಾಡಿ ಬಂದಾಗ ಹೊತ್ತು ಇಳಿದಿತ್ತು. ಓಣಿಯವರು ಅಡಿಗೆ ತಂದಿಟ್ಟಿದ್ದರು, ಯಾರಿಗೂ ಹಸಿವಿರಲಿಲ್ಲ. ಅಪ್ಪ ಅಂಗಳದಲ್ಲಿ ಒಬ್ಬನೇ ಕುಳಿತು ಹೆದ್ದಾರಿಯ ಕಡೆ ನೋಡುತ್ತಿದ್ದ. ಅವ್ವ ನನ್ನನ್ನು ನೋಡಿದಳು, ನಾನು ಅವ್ವನನ್ನು ನೋಡಿದೆ. ಇಬ್ಬರಿಗೂ ಇದ್ದದ್ದು ಒಂದೇ ಭಯ. ಬೇವಿನ ಮರದ ಕೆಳಗೆ ಕತ್ತಲು ಕಟ್ಟುತ್ತಿತ್ತು. ಅಪ್ಪ ಎದ್ದ. ಹೆದ್ದಾರಿಯ ಕಡೆ ಎರಡು ಹೆಜ್ಜೆ ಇಟ್ಟು, ಬಾವಿಯ ಹತ್ತಿರ ತಿರುಗಿ, ಕೈ ತೊಳೆದುಕೊಂಡು ಒಳಗೆ ಬಂದು ಅತ್ತೆಯ ಒಲೆಗೆ ಬೆಂಕಿ ಹಾಕಿದ.

ಬಾಗಿಲಲ್ಲಿ ಕುಳಿತಿದ್ದ ಡ್ರೈವರ್, ‘ಮಾಸ್ತರ, ಇವತ್ತ ಬ್ಯಾಡ್ರಿ,’ ಎಂದರು.

‘ಇವತ್ತ ಬೇಕ್ರಿ,’ ಎಂದ ಅಪ್ಪ.

ದೀಪ ಹಚ್ಚಿದೆ. ಅವನು ಹಿಟ್ಟಿಗೆ ಬಿಸಿನೀರು ಹಾಕಿ ನಾದಿ, ಮುದ್ದೆ ಮಾಡಿ, ಬಡಿಯತೊಡಗಿದ. ಆ ಸದ್ದು ಕೇಳಿ ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು ಚಕ್ಕಡಿಯವರು ಖಾನಾವಳಿ ನಡೆದಿದೆ ಎಂದುಕೊಂಡು ಒಳಗೆ ಬಂದು ಪಂಕ್ತಿಯಲ್ಲಿ ಕುಳಿತರು. ಯಾರೂ ಅವರನ್ನು ಎಬ್ಬಿಸಲಿಲ್ಲ. ನಾನು ತಟ್ಟೆ ಹಿಡಿದು ಅಪ್ಪನ ಪಕ್ಕಕ್ಕೆ ನಿಂತೆ. ಹಂಚಿನಿಂದ ಇಳಿದ ರೊಟ್ಟಿಯ ಅಂಚು ಎಲ್ಲಿಯೂ ಹರಿದಿರಲಿಲ್ಲ.